ಯಂತ್ರದ ನಿದ್ರೆಯೂ ಎಚ್ಚರವೂ

ಯಂತ್ರಕ್ಕೂ ನಿದ್ರೆಯುಂಟೇ ಎಂದು ನಗುವವರುಂಟು. ಅಂಗೈಯಗಲದ ಬೋರ್ಡಿನ ಮೇಲೆ ಇಡಿಯ ಗಣಕವನ್ನೇ ಅಡಕಗೊಳಿಸಿ, ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಸುವುದು ಇಂದು ವಾಡಿಕೆಯಾಗಿದೆ. 2013ರಲ್ಲಿ ಹೊರಬಂದ ಬೀಗಲ್‌ಬೋನ್ ಬ್ಲ್ಯಾಕ್ ಅಂತಹುದೊಂದು. ವಿದ್ಯುತ್ ಸಂಪರ್ಕವಿಲ್ಲದ ಕೆರೆಯ ಏರಿಯ ಮೇಲೆ ನೀರಿನ ಮಟ್ಟವನ್ನಳೆಯಲು ಅದನ್ನು ನಿಲ್ಲಿಸಿದೆವೆನ್ನೋಣ. ಅದಕ್ಕೆ ಎರಡು ವ್ಯಾಟ್ ಶಕ್ತಿ ಬೇಕೆಂದಿಟ್ಟುಕೊಂಡರೆ, 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ 42 ಗಂಟೆಗಳಲ್ಲಿ ಬರಿದಾಗುತ್ತದೆ. ಅಳೆಯುವ ಕೆಲಸವೋ ಗಂಟೆಗೊಮ್ಮೆ ಕೆಲವೇ ಕ್ಷಣಗಳದು. ಉಳಿದ ಹೊತ್ತೆಲ್ಲ ಬರಿದೆ ಕಣ್ತೆರೆದಿರುವುದಕ್ಕಾಗಿಯೇ ಈ ವ್ಯಯ! ಆದುದರಿಂದ ನಿದ್ರೆ ಅನಿವಾರ್ಯ.

ಮಲಗುವ ಕ್ರಮ ಹೀಗಿದೆ. ವ್ಯವಸ್ಥೆಯ ತಿರುಳಾದ ಕರ್ನೆಲ್ ಮೊದಲು ನಡೆಯುತ್ತಿರುವ ಕಾರ್ಯಗಳನ್ನೆಲ್ಲ ಇದ್ದಲ್ಲಿಯೇ ಸ್ತಂಭಿಸುತ್ತದೆ. ಬಳಿಕ ಉಪಕರಣಗಳನ್ನು, ಕಡೆಗೆ ಪ್ರೊಸೆಸರನ್ನು ಮಲಗಿಸುತ್ತದೆ. ಮೆಮೊರಿಯನ್ನು ಮಾತ್ರ ಪೂರ್ತಿ ಆರಿಸಲಾಗದು. ಆರಿಸಿದರೆ ನೆನಪೆಲ್ಲ ಅಳಿದುಹೋದೀತು. ತನ್ನಲ್ಲಿರುವುದನ್ನು ತಾನೇ ಮತ್ತೆ ಮತ್ತೆ ಚೇತರಿಸಿಕೊಳ್ಳುವಷ್ಟು ಅಲ್ಪಶಕ್ತಿಯನ್ನು ಅದಕ್ಕೆ ಉಳಿಸಿರುತ್ತಾರೆ. ಇಲ್ಲೊಂದು ಸ್ವಾರಸ್ಯವುಂಟು. ಮೆಮೊರಿಯನ್ನು ಮಲಗಿಸುವ ಆಜ್ಞೆಗಳು ಅದೇ ಮೆಮೊರಿಯಲ್ಲಿದ್ದರೆ, ಅದು ಮಲಗಿದ ಮೇಲೆ ಮುಂದಿನ ಆಜ್ಞೆಯನ್ನು ಓದುವುದೆಲ್ಲಿಂದ? ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ. ಅದಕ್ಕಾಗಿ ಆ ಕೆಲವು ಆಜ್ಞೆಗಳನ್ನು ಮುಂಚಿತವಾಗಿ ಪ್ರೊಸೆಸರಿನ ಚಿಪ್ಪಿನೊಳಗೇ ಇರುವ ಸಣ್ಣ ಮೆಮೊರಿಗೆ ನಕಲು ಮಾಡಿಡುತ್ತಾರೆ.

ಇನ್ನು ಎಬ್ಬಿಸುವವರಾರು? ಈ ಬೋರ್ಡಿನ ಚಿಪ್ಪಿನಲ್ಲಿ ಕಾರ್ಟೆಕ್ಸ್ ಎಂ-3 ಎಂಬ ಕಿರಿಯ ಪ್ರೊಸೆಸರೊಂದಿದೆ. ಹಿರಿಯದು ಮಲಗಿದಾಗ ಕಾವಲು ಇದರದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಗಡಿಯಾರವೂ ನಡೆಯುತ್ತಿರುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಒಂದು ಬರುತ್ತದೆ. ಸೆಕೆಂಡನ್ನೆಣಿಸಲು ಅದೇ ಅನುಕೂಲ. ಗೊತ್ತುಪಡಿಸಿದ ಗಳಿಗೆಗೆ ಅದು ಎಬ್ಬಿಸುತ್ತದೆ. ನೀರೇರಿದಾಗ ಮೇಲೇಳುವ ತೇಲುಗುಂಡೂ ಎಬ್ಬಿಸಬಲ್ಲುದು. ಆದರೆ ಅದರ ತಂತಿ, ನಿದ್ರೆಯಲ್ಲಿಯೂ ಶಕ್ತಿ ಉಳಿದಿರುವ ಮೊದಲ ಗುಂಪಿನ ಸಂಪರ್ಕಗಳಿಗೇ ಸೇರಿರಬೇಕು. ಉಳಿದ ಗುಂಪುಗಳಿಗೆ ಜೋಡಿಸಿದರೆ ಹಗಲೆಲ್ಲ ಸರಿಯಾಗಿ ನಡೆದ ಏರ್ಪಾಡು ಮಲಗಿದೊಡನೆ ಕಿವುಡಾಗುತ್ತದೆ.

ಎದ್ದಿರುವುದಕ್ಕೂ ಜಾಗರೂಕತೆಗೂ ಕನ್ನಡದಲ್ಲಿ ‘ಎಚ್ಚರ’ ಎಂಬ ಒಂದೇ ಶಬ್ದ. ಈ ವಿಷಯದಲ್ಲಂತೂ ಎರಡರ್ಥವೂ ಬೇಕು. ಏಕೆಂದರೆ ಅಪಾಯವಿರುವುದು ಗಾಢನಿದ್ರೆಯಲ್ಲಲ್ಲ, ಕಣ್ಣು ಮುಚ್ಚುವ ಹೊತ್ತಿನಲ್ಲಿ. ಮಲಗಲು ಅಪ್ಪಣೆಯಾಗಿದೆ, ಅಷ್ಟರಲ್ಲಿ ತೇಲುಗುಂಡಿನ ಕರೆ ಬಂದಿತು. ಕರ್ನೆಲ್ ಅದನ್ನು ಸ್ವೀಕರಿಸಿಯೂ ಬಿಟ್ಟಿತು. ಆದರೆ ಅದಕ್ಕೆ ಓಗೊಡಬೇಕಾದ ಕಾರ್ಯ ಆಗಲೇ ಸ್ತಂಭಿತವಾಗಿದೆ. ಬೋರ್ಡು ಮಲಗಿಬಿಡುತ್ತದೆ; ಮುಂದಿನ ಎಚ್ಚರ ಗಂಟೆ ಕಳೆದ ಮೇಲೆ. ಕೆರೆ ಕೋಡಿ ಬೀಳುವ ರಾತ್ರಿ ಒಂದು ಗಂಟೆ ಸಣ್ಣದೇ?

ಇದಕ್ಕೆ ಪೋಲೆಂಡಿನ ರಫೇಲ್ ವಿಸೋಟ್ಸ್ಕಿಯವರು ರೂಪಿಸಿದ ಪರಿಹಾರ 2010ರಲ್ಲಿ ಲಿನಕ್ಸಿನ 2.6.36ನೆಯ ಆವೃತ್ತಿಯಲ್ಲಿ ಸೇರಿತು. ಬಂದ ಕರೆಗಳ ಲೆಕ್ಕವನ್ನು ಕರ್ನೆಲ್ ಇಡುತ್ತದೆ. ಮಲಗಿಸುವ ಕಾರ್ಯಕ್ರಮವು ಆ ಸಂಖ್ಯೆಯನ್ನು ಓದಿ, ಬಾಕಿ ಕೆಲಸವಿಲ್ಲವೆಂದು ಖಚಿತಪಡಿಸಿಕೊಂಡು, ಅದೇ ಸಂಖ್ಯೆಯನ್ನು ಮರಳಿ ಬರೆಯಬೇಕು. ನಡುವೆ ಒಂದೇ ಒಂದು ಕರೆ ಬಂದಿದ್ದರೂ ಲೆಕ್ಕ ತಾಳೆಯಾಗದೆ ಕರ್ನೆಲ್ ಅದನ್ನು ತಿರಸ್ಕರಿಸುತ್ತದೆ. ಬರೆದದ್ದು ಅಂಗೀಕೃತವಾದ ಬಳಿಕ, ಮಲಗುವಷ್ಟರಲ್ಲಿ ಕರೆ ಬಂದರೆ, ಅರ್ಧಕ್ಕೇ ನಿದ್ರೆಯನ್ನು ಬಿಟ್ಟು ಎಲ್ಲವನ್ನೂ ಮತ್ತೆ ಎಬ್ಬಿಸುತ್ತದೆ.