ಊರೂರು ಅಲೆದ ಆಟಗಾರ

ಆಟದ ಬಯಲು ಎಲ್ಲರಿಗೂ ಸಮನಾದ ನೆಲವೆಂದು ಹೇಳುವುದುಂಟು. ಅಲ್ಲಿ ಕುಲವನ್ನಾಗಲಿ ಸಿರಿತನವನ್ನಾಗಲಿ ಯಾರೂ ಕೇಳುವುದಿಲ್ಲ, ಗೆಲುವು ಸೋಲುಗಳನ್ನು ನಿರ್ಣಯಿಸುವುದು ಆಟಗಾರನ ಸಾಮರ್ಥ್ಯವೊಂದೇ ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆ ಮಾತಿನಲ್ಲಿ ಉಳಿಯದೆ ಆಚರಣೆಗೆ ಬರಲು ಅನೇಕರು ಬಹುಕಾಲ ನೋವುಣ್ಣಬೇಕಾಯಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಆಟಗಾರನಾದ ಬಡ್ ಫೌಲರನು ಅಂಥವರಲ್ಲಿ ಒಬ್ಬನು.

ನಮ್ಮ ದೇಶದಲ್ಲಿ ಕ್ರಿಕೆಟ್ಟಿಗೆ ಇರುವಂಥ ಸ್ಥಾನ ಅಮೆರಿಕದಲ್ಲಿ ಬೇಸ್‌ಬಾಲ್ ಆಟಕ್ಕಿದೆ. ಎರಡೂ ದಾಂಡು ಚೆಂಡುಗಳ ಆಟಗಳೇ. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೆ ಒಂಬತ್ತು ಮಂದಿ ಆಟಗಾರರು. ಬಯಲಿನಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳಿರುತ್ತವೆ, ಇವೇ ಬೇಸ್‌ಗಳು. ಚೆಂಡನ್ನು ಹೊಡೆದವನು ಈ ನೆಲೆಗಳನ್ನು ಒಂದಾದ ಮೇಲೊಂದರಂತೆ ಮುಟ್ಟಿ, ತಾನು ಹೊರಟ ನೆಲೆಗೆ ಮರಳಿದರೆ ತಂಡಕ್ಕೆ ಒಂದು ಓಟ ದೊರೆಯುತ್ತದೆ. ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಕ್ರಿಕೆಟ್ಟಿನಲ್ಲಿ ಚೆಂಡು ಸಾಮಾನ್ಯವಾಗಿ ನೆಲಕ್ಕೆ ತಾಗಿ ಪುಟಿಯುತ್ತದೆ. ಪಿಚರನು ಎಸೆದ ಚೆಂಡು ನೆಲವನ್ನು ಮುಟ್ಟದೆ ನೇರವಾಗಿ ದಾಂಡಿಗನ ಬಳಿಗೆ ಹಾರಿಬರುತ್ತದೆ.

ಫೌಲರನು ಆಡಲು ತೊಡಗಿದ 1870ರ ದಶಕದಲ್ಲಿ ಪಿಚರನ ಕೆಲಸ ಇಂದಿಗಿಂತಲೂ ಕಠಿಣವಾಗಿತ್ತು. ಅವನು 45 ಅಡಿಗಳ ದೂರದಲ್ಲಿ ನಿಂತು, ತೋಳನ್ನು ಸೊಂಟದ ಕೆಳಗಿನಿಂದಲೇ ಬೀಸಿ ಚೆಂಡನ್ನು ಎಸೆಯಬೇಕಾಗಿತ್ತು. ಕೈಗವಸು ತೊಡುವ ಆಟಗಾರರು ವಿರಳವಾಗಿದ್ದರು. ಸಾಮಾನ್ಯವಾಗಿ ಇಡೀ ಪಂದ್ಯಕ್ಕೆ ಒಬ್ಬನೇ ಪಿಚರ್. ಹಲವೊಮ್ಮೆ ಮರುದಿನದ ಪಂದ್ಯಕ್ಕೂ ಅವನೇ ನಿಲ್ಲಬೇಕಾಗುತ್ತಿತ್ತು.

ಫೌಲರನ ನಿಜವಾದ ಹೆಸರು ಜಾನ್ ಜಾಕ್ಸನ್. ಅವನು 1858ನೆಯ ಇಸವಿ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದ ಫೋರ್ಟ್ ಪ್ಲೇನ್ ಎಂಬ ಊರಿನಲ್ಲಿ ಜನಿಸಿದನು. ಅವನದು ಆಫ್ರಿಕನ್ ಮೂಲದ ಕಪ್ಪು ಜನಾಂಗದ ಕುಟುಂಬ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಗುಲಾಮಗಿರಿಯು 1827ರಲ್ಲಿಯೇ ಕೊನೆಗೊಂಡಿತ್ತಾದರೂ ದೇಶದ ದಕ್ಷಿಣ ಭಾಗದಲ್ಲಿ ಲಕ್ಷಾಂತರ ಕಪ್ಪು ಜನರು ಇನ್ನೂ ಗುಲಾಮರಾಗಿಯೇ ಇದ್ದರು. ಅವರೆಲ್ಲರಿಗೂ ಕಾನೂನಿನ ಪ್ರಕಾರ ಬಿಡುಗಡೆ ದೊರೆತದ್ದು 1865ರಲ್ಲಿ. ಆಗ ಫೌಲರನಿಗೆ ಏಳು ವರ್ಷ. ಅವನು ಚಿಕ್ಕ ಮಗುವಾಗಿದ್ದಾಗಲೇ ತಂದೆತಾಯಿಗಳು ಸಮೀಪದ ಕೂಪರ್ಸ್‌ಟೌನ್ ಎಂಬ ಊರಿಗೆ ಬಂದು ನೆಲೆಸಿದರು. ತಂದೆ ಕ್ಷೌರಿಕ ವೃತ್ತಿಯವನು. ಮಗನೂ ಆ ಕಸುಬನ್ನು ಕಲಿತನು. ಊರಿನ ಬಯಲಿನಲ್ಲಿ ಬೇಸ್‌ಬಾಲ್ ಆಟವನ್ನೂ ಕಲಿತನು. ಮುಂದೆ ಒಂದು ಕೈ ಬಿಟ್ಟಾಗ ಇನ್ನೊಂದು ಕೈ ಹಿಡಿಯುವಂತೆ ಈ ಎರಡು ವಿದ್ಯೆಗಳೂ ಅವನನ್ನು ಕಾಪಾಡಿದವು. ಭೇಟಿಯಾದವರನ್ನೆಲ್ಲ 'ಬಡ್' ಎಂದು, ಅಂದರೆ 'ಗೆಳೆಯಾ' ಎಂದು ಕರೆಯುವುದು ಅವನ ರೂಢಿಯಾಗಿತ್ತು. ಜನರು ಅದೇ ಹೆಸರನ್ನು ಅವನಿಗೆ ಮರಳಿ ಕೊಟ್ಟರು. ಹೀಗೆ ಅವನು ಬಡ್ ಫೌಲರನೆಂದು ಪ್ರಸಿದ್ಧನಾದನು.

1878ರ ಏಪ್ರಿಲ್ 24ರಂದು ಅವನ ಹೆಸರು ಮೊದಲ ಬಾರಿಗೆ ದೊಡ್ಡದಾಗಿ ಕೇಳಿಬಂದಿತು. ಆಗ ಅವನು ಇಪ್ಪತ್ತರ ತರುಣ. ಮ್ಯಾಸಚೂಸೆಟ್ಸ್ ಸಂಸ್ಥಾನದ ಚೆಲ್ಸಿ ಎಂಬ ಪಟ್ಟಣದ ತಂಡದಲ್ಲಿ ಪಿಚರನಾಗಿದ್ದನು. ಅಂದು ಆ ಸಣ್ಣ ತಂಡವು ಬಾಸ್ಟನ್ ನಗರದ ತಂಡದೊಡನೆ ಪ್ರದರ್ಶನ ಪಂದ್ಯವಾಡಿತು. ಬಾಸ್ಟನ್ ತಂಡವೆಂದರೆ ಸಾಮಾನ್ಯವಾದುದಲ್ಲ. ದೇಶದ ಅತ್ಯುನ್ನತ ಕೂಟವಾದ ನ್ಯಾಷನಲ್ ಲೀಗಿನಲ್ಲಿ ಹಿಂದಿನ ವರ್ಷವಷ್ಟೇ ಪ್ರಶಸ್ತಿ ಗೆದ್ದಿದ್ದ ತಂಡ. ಅದರ ಪಿಚರ್ ಟಾಮಿ ಬಾಂಡ್ ಆ ಕಾಲದ ಶ್ರೇಷ್ಠರಲ್ಲಿ ಒಬ್ಬನು. ಆದರೂ ಪಂದ್ಯ ಮುಗಿದಾಗ ಚೆಲ್ಸಿ ತಂಡ ಎರಡು ಓಟಗಳನ್ನೂ ಬಾಸ್ಟನ್ ತಂಡ ಒಂದೇ ಓಟವನ್ನೂ ಗಳಿಸಿದ್ದವು. ಕ್ಷೌರಿಕನ ಮಗನ ಎಸೆತಗಳ ಮುಂದೆ ದೇಶದ ಪ್ರಖ್ಯಾತ ದಾಂಡಿಗರು ಕೈಚೆಲ್ಲಿದ್ದರು. ಕೆಲವೇ ದಿನಗಳಲ್ಲಿ ಲಿನ್ ಪಟ್ಟಣದ ತಂಡ ಅವನನ್ನು ಕರೆಸಿಕೊಂಡಿತು. ಹಣ ಪಡೆದು ವೃತ್ತಿಯಾಗಿ ಬೇಸ್‌ಬಾಲ್ ಆಡಿದವರಲ್ಲಿ, ತಿಳಿದಮಟ್ಟಿಗೆ, ಕಪ್ಪು ಜನಾಂಗದ ಮೊದಲನೆಯ ಆಟಗಾರನು ಇವನೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ಇಂಥ ಗೆಲುವಿನ ಬಳಿಕ ದೊಡ್ಡ ತಂಡಗಳು ಅವನನ್ನು ಹುಡುಕಿಕೊಂಡು ಬರಬೇಕಾಗಿತ್ತು. ಯಾವುದೂ ಬರಲಿಲ್ಲ. ನ್ಯಾಷನಲ್ ಲೀಗಿನ ಬಾಗಿಲು ಅವನಿಗೆ ತೆರೆಯಲೇ ಇಲ್ಲ. ಅವನಿಗೆ ಉಳಿದದ್ದು ಸಣ್ಣ ಪಟ್ಟಣಗಳ ಕಿರಿಯ ಲೀಗುಗಳು ಮಾತ್ರ.

ಕಿರಿಯ ಲೀಗುಗಳ ಬದುಕು ಅಂದು ಬಹಳ ಅಸ್ಥಿರವಾಗಿತ್ತು. ಊರಿನ ವರ್ತಕರೂ ಪ್ರಮುಖರೂ ಕೂಡಿ ಹಣ ಹಾಕಿ ತಂಡ ಕಟ್ಟುತ್ತಿದ್ದರು. ಪ್ರೇಕ್ಷಕರು ಸಾಕಷ್ಟು ಬರದಿದ್ದರೆ ತಂಡಕ್ಕೆ ಸಂಬಳ ಕೊಡುವ ಶಕ್ತಿ ಉಳಿಯುತ್ತಿರಲಿಲ್ಲ. ಎಷ್ಟೋ ಸಲ ಋತುವಿನ ನಡುವೆಯೇ ಇಡೀ ಲೀಗು ಮುರಿದು ಬೀಳುತ್ತಿತ್ತು. ಆಗ ಆಟಗಾರರು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರನ್ನು ಅರಸಬೇಕಾಗುತ್ತಿತ್ತು. ಈ ಕಷ್ಟ ಎಲ್ಲ ಆಟಗಾರರಿಗೂ ಇದ್ದುದೇ. ಫೌಲರನಿಗಾದರೋ ಇನ್ನೊಂದು ಕಷ್ಟವೂ ಇತ್ತು. ತಂಡ ಉಳಿದರೂ ಅವನು ಅದರಲ್ಲಿ ಉಳಿಯುವ ಭರವಸೆಯಿರಲಿಲ್ಲ.

1881ರಲ್ಲಿ ಕೆನಡಾ ದೇಶದ ಗ್ವೆಲ್ಫ್ ಪಟ್ಟಣದ ತಂಡ ಅವನನ್ನು ಸೇರಿಸಿಕೊಂಡಿತು. ಕಪ್ಪು ಮನುಷ್ಯನೊಡನೆ ತಾವು ಆಡುವುದಿಲ್ಲವೆಂದು ಅಲ್ಲಿನ ಆಟಗಾರರು ಹಟ ಹಿಡಿದುದರಿಂದ ಅವನು ಹೊರಬೀಳಬೇಕಾಯಿತು. 1884ರಲ್ಲಿ ಅವನು ಮಿನೆಸೋಟ ಸಂಸ್ಥಾನದ ಸ್ಟಿಲ್‌ವಾಟರ್ ಪಟ್ಟಣದಲ್ಲಿದ್ದನು. ಆ ತಂಡ ಋತುವಿನ ಆರಂಭದಿಂದಲೂ ಸೋಲುತ್ತಲೇ ಬಂದಿತ್ತು. ಕೊನೆಗೊಂದು ದಿನ ಫೌಲರನ ಎಸೆತದ ಬಲದಿಂದ ಅದು ಮೊದಲ ಪಂದ್ಯವನ್ನು ಗೆದ್ದಿತು. ಸಂತೋಷಗೊಂಡ ಊರಿನ ಜನರು ಅವನಿಗೆ ಹತ್ತು ಡಾಲರುಗಳನ್ನೂ ಒಂದು ಜೊತೆ ಉಡುಪನ್ನೂ ಬಹುಮಾನವಾಗಿ ಕೊಟ್ಟರು.

ಎಡೆಬಿಡದ ಎಸೆತದಿಂದ ಅವನ ತೋಳು ದಣಿದು ನೋಯತೊಡಗಿತು. ಪಿಚರನ ಕೆಲಸವನ್ನು ಮೊದಲಿನಂತೆ ಮಾಡುವುದು ಅಸಾಧ್ಯವಾಯಿತು. ಫೌಲರನು ಎದೆಗುಂದಲಿಲ್ಲ. ಎರಡನೆಯ ಬೇಸಿನ ಕಾವಲು ಕಾಯುವ ಕೆಲಸವನ್ನು ಅಭ್ಯಾಸಮಾಡಿ ಅದರಲ್ಲಿಯೂ ನಿಪುಣನೆನಿಸಿಕೊಂಡನು. ಈ ಸ್ಥಾನದಲ್ಲಿ ಅಪಾಯ ಹೆಚ್ಚು. ಎದುರಾಳಿಗಳು ಮೊಳೆಗಳುಳ್ಳ ಪಾದರಕ್ಷೆಗಳನ್ನು ತೊಟ್ಟು ವೇಗವಾಗಿ ಜಾರುತ್ತ ಬೇಸನ್ನು ಮುಟ್ಟುತ್ತಾರೆ. ಕೆಲವರು ಬೇಕೆಂದೇ ಫೌಲರನ ಮೊಣಕಾಲಿನ ಕೆಳಭಾಗಕ್ಕೆ ಗುರಿಯಿಟ್ಟು ಜಾರುತ್ತಿದ್ದರೆಂದೂ, ಅದರಿಂದ ಪಾರಾಗಲು ಅವನು ಕಾಲುಗಳಿಗೆ ಮರದ ಪಟ್ಟಿಗಳನ್ನು ಕಟ್ಟಿಕೊಳ್ಳುತ್ತಿದ್ದನೆಂದೂ ಆ ಕಾಲದ ಆಟಗಾರನೊಬ್ಬನು ಮುಂದೆ ನೆನಪು ಮಾಡಿಕೊಂಡಿದ್ದಾನೆ.

1885ರಲ್ಲಿ ಅವನು ಅಯೋವ ಸಂಸ್ಥಾನದ ಕಿಯೊಕಕ್ ಪಟ್ಟಣದಲ್ಲಿ ಆಡುತ್ತಿದ್ದಾಗ ಲೀಗೇ ಮುರಿದುಹೋಯಿತು. ಬಿಳಿಯ ಜೊತೆಗಾರರಿಗೆ ಬೇರೆ ತಂಡಗಳಲ್ಲಿ ಸ್ಥಾನ ಸಿಗುವುದು ಕಷ್ಟವಾಗಿರಲಿಲ್ಲ. ಫೌಲರನು ಪಶ್ಚಿಮದ ಕೊಲರಾಡೊ ಪ್ರದೇಶದವರೆಗೂ ಅಲೆಯಬೇಕಾಯಿತು. ಅವನು ಯಾರಿಗೂ ಕಡಿಮೆಯಲ್ಲದ ಆಟಗಾರನೆಂದೂ, ಚರ್ಮದ ಬಣ್ಣವೊಂದೇ ಅವನಿಗೆ ಅಡ್ಡಿಯಾಗಿದೆಯೆಂದೂ ಆ ವರ್ಷ ಕ್ರೀಡಾಪತ್ರಿಕೆಯೊಂದು ಬರೆಯಿತು. ಅವನ ಸಾಮರ್ಥ್ಯ ಎಲ್ಲರಿಗೂ ತಿಳಿದಿತ್ತು ಎಂಬುದಕ್ಕೆ ಇದೇ ಸಾಕ್ಷಿ. ತಿಳಿದೂ ಅವನಿಗೆ ಸ್ಥಾನ ಕೊಡುವವರಿರಲಿಲ್ಲ. ಮರುವರ್ಷ ಅವನು ಕ್ಯಾನ್ಸಸ್ ಸಂಸ್ಥಾನದ ಟೊಪೀಕ ನಗರದಲ್ಲಿದ್ದನು.

1887ನೆಯ ವರ್ಷ ಅವನ ಜೀವನದಲ್ಲಿ ಮುಖ್ಯವಾದುದು. ಆ ವರ್ಷ ಅವನು ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಂಟನ್ ತಂಡವನ್ನು ಸೇರಿದನು. ಈ ತಂಡ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗು ಕಿರಿಯ ಲೀಗುಗಳಲ್ಲೆಲ್ಲ ಬಲವಾದುದು. ಆ ಋತುವಿನಲ್ಲಿ ಅದರ ಹಲವು ತಂಡಗಳಲ್ಲಿ ಕಪ್ಪು ಆಟಗಾರರು ಸ್ಥಾನ ಪಡೆದಿದ್ದರು. ಅವರಲ್ಲಿ ಒಬ್ಬನಾದ ಜಾರ್ಜ್ ಸ್ಟೋವಿ ಎಂಬ ಪಿಚರನು ನ್ಯೂಅರ್ಕ್ ತಂಡಕ್ಕೆ ಆ ವರ್ಷ ಮೂವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದುಕೊಟ್ಟನು. ಫೌಲರನ ದಾಂಡಿನ ಸರಾಸರಿ ನೂರಕ್ಕೆ ಮೂವತ್ತೈದರಷ್ಟಿತ್ತು. ಬೇಸ್‌ಬಾಲಿನಲ್ಲಿ ನೂರಕ್ಕೆ ಮೂವತ್ತು ಸಲ ಚೆಂಡನ್ನು ಯಶಸ್ವಿಯಾಗಿ ಹೊಡೆದವನನ್ನೇ ಉತ್ತಮ ದಾಂಡಿಗನೆಂದು ಎಣಿಸುತ್ತಾರೆ.

ಈ ಸಾಧನೆ ಅವನನ್ನು ಕಾಪಾಡಲಿಲ್ಲ. ಅವನನ್ನೂ ವಿಲಿಯಂ ರೆನ್‌ಫ್ರೋ ಎಂಬ ಇನ್ನೊಬ್ಬ ಕಪ್ಪು ಆಟಗಾರನನ್ನೂ ತಂಡದಿಂದ ತೆಗೆಯದಿದ್ದರೆ ತಾವು ಆಡುವುದಿಲ್ಲವೆಂದು ಸ್ವಂತ ತಂಡದ ಆಟಗಾರರೇ ಒಡೆಯರಿಗೆ ತಂತಿ ಕಳುಹಿಸಿದರು. ಒಡೆಯರು ಮಣಿದರು. ಇದೇ ಲೀಗಿನ ಬೇರೆ ಯಾವ ತಂಡವನ್ನೂ ಸೇರಕೂಡದೆಂಬ ಷರತ್ತಿನ ಮೇಲೆ ಫೌಲರನನ್ನು ಬಿಟ್ಟುಕೊಟ್ಟರು. ಜುಲೈ 14ರಂದು ಲೀಗಿನ ನಿರ್ದೇಶಕರು ಬಫಲೋ ನಗರದಲ್ಲಿ ಸಭೆ ಸೇರಿ, ಇನ್ನು ಮುಂದೆ ಕಪ್ಪು ಆಟಗಾರರೊಡನೆ ಹೊಸ ಕರಾರು ಮಾಡಿಕೊಳ್ಳಬಾರದೆಂದು ಬಹುಮತದಿಂದ ತೀರ್ಮಾನಿಸಿದರು. ಸಂಪ್ರದಾಯವಾಗಿ ಹಬ್ಬಿದ್ದ ದ್ವೇಷಕ್ಕೆ ಅಂದು ನಿಯಮದ ರೂಪ ಬಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಉಳಿದ ಲೀಗುಗಳೂ ಒಂದೊಂದಾಗಿ ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದವು.

ಫೌಲರನು ತೆರೆದಿರುವ ಬಾಗಿಲುಗಳನ್ನು ಹುಡುಕುತ್ತ ನಡೆದನು. ವರ್ಮಾಂಟ್, ಇಂಡಿಯಾನ, ನ್ಯೂ ಮೆಕ್ಸಿಕೊ, ಮಿಷಿಗನ್, ಇಲಿನಾಯ್, ನೆಬ್ರಾಸ್ಕ, ಒಹಾಯೊ ಎಂದು ಅವನ ಅಲೆದಾಟ ಸಾಗಿತು. ರೈಲಿನಿಂದ ಇಳಿದ ಊರಿನಲ್ಲಿ ತಂಡವಿದ್ದರೆ ಆಡುವನು. ಇಲ್ಲದಿದ್ದರೆ ಕತ್ತರಿ ಬಾಚಣಿಗೆ ಹಿಡಿದು ಕ್ಷೌರದ ಕಸುಬಿನಿಂದ ಹೊಟ್ಟೆ ಹೊರೆಯುವನು. ಹೀಗಿದ್ದೂ ಅವನು ಕಿರಿಯ ಲೀಗುಗಳಲ್ಲಿ ಒಟ್ಟು ಹತ್ತು ಋತುಗಳನ್ನು ಆಡಿದನು. ಆರು ದಶಕಗಳ ಕಾಲ ಬೇರೆ ಯಾವ ಕಪ್ಪು ಆಟಗಾರನಿಗೂ ಅಷ್ಟು ಋತುಗಳು ದಕ್ಕಲಿಲ್ಲ.

ಇತರರ ತಂಡಗಳಲ್ಲಿ ಸ್ಥಾನವಿಲ್ಲವಾದರೆ ತಮ್ಮದೇ ತಂಡವನ್ನು ಏಕೆ ಕಟ್ಟಬಾರದು? ಈ ವಿಚಾರ ಹೊಳೆದ ಫೌಲರನು ಗ್ರಾಂಟ್ ಜಾನ್ಸನ್ ಎಂಬ ತರುಣ ಆಟಗಾರನೊಡನೆ ಸೇರಿ, ಮಿಷಿಗನ್ ಸಂಸ್ಥಾನದ ಏಡ್ರಿಯನ್ ಪಟ್ಟಣದಲ್ಲಿ ಕಪ್ಪು ಆಟಗಾರರ ತಂಡವೊಂದನ್ನು ಸಿದ್ಧಗೊಳಿಸಿದನು. ತಂತಿಬೇಲಿ ತಯಾರಿಸುವ ಪೇಜ್ ಎಂಬ ಕಂಪನಿ ಧನಸಹಾಯ ಮಾಡಿತು. ಆದುದರಿಂದ ತಂಡಕ್ಕೆ 'ಪೇಜ್ ಫೆನ್ಸ್ ಜಯಂಟ್ಸ್' ಎಂದು ಹೆಸರಾಯಿತು. 1895ರಲ್ಲಿ ಈ ತಂಡ ಊರೂರು ಸುತ್ತಿ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಗೆದ್ದಿತು. ಪಂದ್ಯಕ್ಕೆ ಮುನ್ನ ಆಟಗಾರರು ಬೈಸಿಕಲ್ಲುಗಳನ್ನೇರಿ ಬೀದಿಗಳಲ್ಲಿ ಮೆರವಣಿಗೆ ಹೋಗಿ ಜನರನ್ನು ಆಕರ್ಷಿಸುತ್ತಿದ್ದರು. ಅವರ ಪ್ರಯಾಣಕ್ಕೆ ಪ್ರತ್ಯೇಕವಾದ ರೈಲುಗಾಡಿಯೊಂದಿತ್ತು. ಊಟ, ನಿದ್ರೆ ಎಲ್ಲವೂ ಅದರಲ್ಲಿಯೇ. ಇದು ನೋಡುವವರಿಗೆ ವೈಭವವಾಗಿ ತೋರಿದರೂ ಅದರ ಹಿಂದೆ ಒಂದು ಕಹಿ ಸತ್ಯವಿತ್ತು. ಕಪ್ಪು ಜನರಿಗೆ ಅನೇಕ ಊರುಗಳ ಹೋಟೆಲುಗಳಲ್ಲಿ ಊಟವೂ ಸಿಗುತ್ತಿರಲಿಲ್ಲ, ಹಾಸಿಗೆಯೂ ಸಿಗುತ್ತಿರಲಿಲ್ಲ.

ಆ ಋತುವಿನ ನಡುವೆಯೇ ಫೌಲರನು ತಂಡವನ್ನು ಬಿಟ್ಟು ಮಿಷಿಗನ್ನಿನ ಕಿರಿಯ ಲೀಗಿಗೆ ಮರಳಿದನು. ಅದೇ ಅವನ ಕೊನೆಯ ಲೀಗು. ಮುಂದೆಯೂ ಸಂಚಾರಿ ತಂಡಗಳನ್ನು ಕಟ್ಟಲು ಅವನು ಶ್ರಮಿಸಿದನು. ವಯಸ್ಸಾದಂತೆ ಕಾಯಿಲೆಯೂ ಬಡತನವೂ ಅವನನ್ನು ಹಣ್ಣುಮಾಡಿದವು. 1913ರ ಫೆಬ್ರವರಿ 26ರಂದು, ತನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಫ್ರಾಂಕ್‌ಫರ್ಟ್ ಎಂಬಲ್ಲಿ ಅವನು ತೀರಿಕೊಂಡನು. ಅವನ ಸಮಾಧಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ.

ಕಾಲಚಕ್ರ ನಿಧಾನವಾಗಿ ಉರುಳಿತು. ಫೌಲರನನ್ನು ಹೊರಹಾಕಿದ್ದ ಇಂಟರ್‌ನ್ಯಾಷನಲ್ ಲೀಗಿನ ಹೆಸರನ್ನೇ ಹೊತ್ತ ಲೀಗಿನಲ್ಲಿ, 1946ರಲ್ಲಿ, ಜಾಕಿ ರಾಬಿನ್‌ಸನ್ ಎಂಬ ಕಪ್ಪು ತರುಣನು ಮಾಂಟ್ರಿಯಲ್ ತಂಡದ ಪರವಾಗಿ ಕಣಕ್ಕಿಳಿದನು. 1947ರ ಏಪ್ರಿಲ್ 15ರಂದು ಅವನು ಬ್ರೂಕ್ಲಿನ್ ತಂಡವನ್ನು ಸೇರಿ ನ್ಯಾಷನಲ್ ಲೀಗನ್ನೂ ಪ್ರವೇಶಿಸಿದನು. ಮುಚ್ಚಿದ್ದ ಬಾಗಿಲು ಕೊನೆಗೂ ತೆರೆಯಿತು. 1987ರಲ್ಲಿ ಬೇಸ್‌ಬಾಲ್ ಇತಿಹಾಸದ ಸಂಶೋಧಕರು ಫೌಲರನ ಸಮಾಧಿಯನ್ನು ಗುರುತಿಸಿ ಅಲ್ಲೊಂದು ಕಲ್ಲನ್ನು ನಿಲ್ಲಿಸಿದರು.

ಅಮೆರಿಕದ ಶ್ರೇಷ್ಠ ಬೇಸ್‌ಬಾಲ್ ಆಟಗಾರರ ಕೀರ್ತಿಮಂದಿರ 1939ರಲ್ಲಿ ಸ್ಥಾಪನೆಯಾದದ್ದು ಕೂಪರ್ಸ್‌ಟೌನಿನಲ್ಲಿಯೇ. ಬಾಲಕ ಫೌಲರನು ಚೆಂಡು ಹಿಡಿಯಲು ಕಲಿತ ಊರಿನಲ್ಲಿಯೇ. 2013ರಲ್ಲಿ ಅಲ್ಲಿನ ಆಟದ ಮೈದಾನದ ದಾರಿಗೆ ಅವನ ಹೆಸರನ್ನಿಟ್ಟರು. 2021ರ ಡಿಸೆಂಬರಿನಲ್ಲಿ ಅವನು ಕೀರ್ತಿಮಂದಿರಕ್ಕೆ ಆಯ್ಕೆಯಾದನು. 2022ರ ಜುಲೈ 24ರಂದು ನಡೆದ ಸಮಾರಂಭದಲ್ಲಿ ಅವನ ಹೆಸರಿನ ಫಲಕ ಅಲ್ಲಿ ಸ್ಥಾನ ಪಡೆಯಿತು. ಬಾಸ್ಟನ್ ತಂಡವನ್ನು ಅವನು ಸೋಲಿಸಿ ಅಂದಿಗೆ 144 ವರ್ಷಗಳಾಗಿದ್ದವು.

ಬದುಕಿದ್ದಾಗ ಯಾವ ಊರೂ ತನ್ನವನೆಂದು ಬಹುಕಾಲ ಇಟ್ಟುಕೊಳ್ಳದ ಆಟಗಾರನು ಹೀಗೆ ತನ್ನ ಊರಿಗೆ ಮರಳಿದನು. ಈ ಗೌರವವನ್ನು ಕಾಣಲು ಅವನಿರಲಿಲ್ಲ. ತಡವಾಗಿ ಬಂದ ನ್ಯಾಯ ಕಳೆದುಹೋದ ಋತುಗಳನ್ನು ಹಿಂದಕ್ಕೆ ಕೊಡಲಾರದು. ಆದರೂ ಹೊರದೂಡಿದ ಪ್ರತಿ ಸಲವೂ ಮುಂದಿನ ಊರಿಗೆ ಹೋಗಿ ಮತ್ತೆ ಚೆಂಡನ್ನು ಕೈಗೆತ್ತಿಕೊಂಡ ಅವನ ಛಲ ವ್ಯರ್ಥವಾಗಲಿಲ್ಲ. ಸಹ ಆಟಗಾರನೊಬ್ಬನನ್ನು ಅವನ ಹುಟ್ಟಿನಿಂದ ಅಳೆಯಬೇಕೋ ಆಟದಿಂದ ಅಳೆಯಬೇಕೋ ಎಂಬ ಪ್ರಶ್ನೆಯನ್ನು ಅವನ ಬಾಳು ಇಂದಿಗೂ ಆಟದ ಬಯಲಿಗೆ ಇಳಿಯುವ ಪ್ರತಿಯೊಬ್ಬರ ಮುಂದೆ ಇಡುತ್ತದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಫೌಲರನಿಗೆ 'ಬಡ್' ಎಂಬ ಹೆಸರು ಹೇಗೆ ಬಂದಿತು?
2. ಸ್ಟಿಲ್‌ವಾಟರ್ ಪಟ್ಟಣದ ಜನರು ಫೌಲರನಿಗೆ ಏನನ್ನು ಬಹುಮಾನವಾಗಿ ಕೊಟ್ಟರು?
3. ಫೌಲರನು ಪಿಚರನ ಕೆಲಸವನ್ನು ಬಿಡಬೇಕಾದುದು ಏಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಕಿರಿಯ ಲೀಗುಗಳ ಬದುಕು ಅಸ್ಥಿರವಾಗಿದ್ದುದು ಹೇಗೆ?
2. 1887ರಲ್ಲಿ ಬಿಂಗ್‌ಹ್ಯಾಂಟನ್ ತಂಡದಲ್ಲಿ ನಡೆದ ಘಟನೆಯನ್ನು ವಿವರಿಸಿರಿ.
3. ಪೇಜ್ ಫೆನ್ಸ್ ಜಯಂಟ್ಸ್ ತಂಡಕ್ಕೆ ಪ್ರತ್ಯೇಕ ರೈಲುಗಾಡಿ ಏಕೆ ಬೇಕಾಗಿತ್ತು?

ಇ) 'ತಡವಾಗಿ ಬಂದ ನ್ಯಾಯ ಕಳೆದುಹೋದ ಋತುಗಳನ್ನು ಹಿಂದಕ್ಕೆ ಕೊಡಲಾರದು.' ಈ ಮಾತನ್ನು ಫೌಲರನ ಜೀವನದ ಆಧಾರದಿಂದ ಸಮರ್ಥಿಸಿರಿ.