ತಿಕ್ಕುವ ಮುನ್ನ ಲೋಹ ಯಾವುದೆಂದು ನೋಡಿ

ಆಯುಧ ಪೂಜೆ ಹತ್ತಿರ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಆಟೊಮೊಬೈಲ್ ಅಂಗಡಿಗಳಲ್ಲಿ ಪಾಲಿಶ್ ಡಬ್ಬಿಗಳು ಮುಂದಿನ ಸಾಲಿಗೆ ಬರುತ್ತವೆ. ಮನೆಯಂಗಳದಲ್ಲಿ ಬೈಕು ನಿಲ್ಲಿಸಿ, ಹಳೇ ಬನಿಯನ್ ಕೈಗೆ ಸುತ್ತಿಕೊಂಡು ಉಜ್ಜಲು ಕೂರುವವರಿಗೂ ಬರವಿಲ್ಲ. ಆದರೆ ಪಾಲಿಶ್ ಮಾಡುವುದೆಂದರೆ ಬಣ್ಣ ಬಳಿದಂತೆ ಮೇಲೊಂದು ಪದರ ಕೂರಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಡಬ್ಬಿಯೊಳಗಿನ ನುಣ್ಣನೆ ಪುಡಿ ಲೋಹದ ಮೇಲ್ಮೈಯನ್ನು ಒಂದಿಷ್ಟು ಸವೆಸುತ್ತದೆ. ದೊಡ್ಡ ಗೀರುಗಳು ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಉಳಿದಾಗ ಬೆಳಕು ಚೆದುರದೆ ನೇರವಾಗಿ ಮರಳುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಸವೆಸುವ ಕೆಲಸ ಎಂದಮೇಲೆ, ಸವೆಸಲು ಅಲ್ಲಿ ಎಷ್ಟು ಲೋಹವಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಬೈಕು ಹಾಳಾಗುವುದು ಹೆಚ್ಚಾಗಿ ಈ ಪ್ರಶ್ನೆ ಕೇಳದವರ ಕೈಯಲ್ಲಿ.

ಬುಲೆಟ್ಟನ್ನೇ ತೆಗೆದುಕೊಳ್ಳಿ. ಅದರ ಎಂಜಿನ್ ಕವರ್ ಅಲ್ಯೂಮಿನಿಯಂ ಎರಕ. ಒಳಗೂ ಹೊರಗೂ ಒಂದೇ ಲೋಹ, ದಪ್ಪ ಮಿಲಿಮೀಟರುಗಳ ಲೆಕ್ಕದಲ್ಲಿ. ಅದೇ ಬೈಕಿನ ಕ್ರೋಮ್ ಸೈಲೆನ್ಸರ್ ಉಕ್ಕಿನದು. ಉಕ್ಕಿನ ಮೇಲೆ ನಿಕಲ್ ಲೇಪ, ಅದರ ಮೇಲೆ ಕ್ರೋಮ್. ನಿಕಲ್ ಸಾಮಾನ್ಯವಾಗಿ 10ರಿಂದ 30 ಮೈಕ್ರಾನ್ ಇದ್ದರೆ, ಅಲಂಕಾರದ ಕ್ರೋಮ್ ಪದರ ಅರ್ಧ ಮೈಕ್ರಾನಿನ ಆಸುಪಾಸು ಅಷ್ಟೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಇನ್ನು 400 ನಂಬರಿನ ವಾಟರ್ ಪೇಪರ್ ಮೇಲಿನ ಒಂದೊಂದು ಕಣವೂ ಸುಮಾರು 35 ಮೈಕ್ರಾನ್. ಬಹಳ ನಯ ಎಂದು ಮಾರುವ 2000 ನಂಬರಿನದು ಸುಮಾರು 10. ಅಂದರೆ ಉಜ್ಜುವ ಕಣವೇ ಉಜ್ಜಿಸಿಕೊಳ್ಳುವ ಕ್ರೋಮಿಗಿಂತ ಎಷ್ಟೋ ಪಟ್ಟು ದಪ್ಪ. ಕ್ರೋಮ್ ಗಟ್ಟಿ ಲೋಹವಲ್ಲವೇ ಎನ್ನಬಹುದು. ಗಟ್ಟಿ ಹೌದು, ವಾಟರ್ ಪೇಪರಿನ ಸಿಲಿಕಾನ್ ಕಾರ್ಬೈಡ್ ಅದಕ್ಕಿಂತ ಗಟ್ಟಿ. ಕ್ರೋಮ್ ಹೋದ ಜಾಗದಲ್ಲಿ ತುಸು ಹಳದಿ ಛಾಯೆಯ ನಿಕಲ್ ಇಣುಕುತ್ತದೆ, ನಿಕಲ್ಲೂ ಹೋದರೆ ಮುಂದಿನ ಮಳೆಗಾಲಕ್ಕೆ ತುಕ್ಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಮೂಲ ಕ್ರೋಮ್ ಇನ್ನೂ ಉಳಿದಿದ್ದರೆ ಅದಕ್ಕೆ ವಾಟರ್ ಪೇಪರ್ ತಾಗಿಸುವುದು ಶುದ್ಧ ಅವಿವೇಕ.

ಯಾವುದು ಯಾವ ಲೋಹ ಎಂದು ಪತ್ತೆ ಮಾಡಲು ಒಂದು ಅಯಸ್ಕಾಂತ, ಒಂದು ಬಿಳಿ ಬಟ್ಟೆ ಸಾಕು. ಹೊಳೆಯುವ ಭಾಗಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು ಬಹುತೇಕ ಕ್ರೋಮ್ ಲೇಪಿಸಿದ ಉಕ್ಕು: ಹ್ಯಾಂಡಲ್, ಕ್ರ್ಯಾಶ್ ಗಾರ್ಡ್, ಹಳೆಯ ಬೈಕುಗಳ ರಿಮ್, ಮಡ್‌ಗಾರ್ಡ್. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಸ್ಟೀಲ್. ಬೆರಳಲ್ಲಿ ತಟ್ಟಿದಾಗ ಟಕಟಕ ಎಂದು ಟೊಳ್ಳು ಸದ್ದು ಬಂದರೆ ಪ್ಲಾಸ್ಟಿಕ್ಕಿಗೆ ಕ್ರೋಮ್ ಮಾಡಿದ್ದು. ಅದಕ್ಕೆ ಸೋಪು ನೀರು ಬಿಟ್ಟು ಬೇರೇನೂ ಬೇಡ. ಅಲ್ಯೂಮಿನಿಯಂನಲ್ಲಿ ಇನ್ನೊಂದು ಪರೀಕ್ಷೆಯಿದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಉಜ್ಜಿ. ಬಟ್ಟೆ ಕ್ಷಣದಲ್ಲೇ ಕಪ್ಪಾದರೆ ಲೋಹ ಬರಿಮೈಯಲ್ಲಿದೆ ಎಂದರ್ಥ. ಆ ಕಪ್ಪು ಸವೆದುಬಂದ ಅಲ್ಯೂಮಿನಿಯಂ. ಎಷ್ಟು ಉಜ್ಜಿದರೂ ಕಪ್ಪಾಗದಿದ್ದರೆ ಮೇಲೆ ಪಾರದರ್ಶಕ ಲ್ಯಾಕರ್ ಪದರ ಇದೆ. ಕಂಪನಿಯಿಂದ ಬರುವ ಎಂಜಿನ್ ಕವರುಗಳಿಗೆ ಈ ಲ್ಯಾಕರ್ ಇರುವುದು ಮಾಮೂಲು. ಅದು ಗಟ್ಟಿಯಾಗಿರುವಷ್ಟು ದಿನ ಒಳಗಿನ ಲೋಹಕ್ಕೆ ಪಾಲಿಶ್ ಬೇಕಾಗಿಯೇ ಇಲ್ಲ. ಗಂಟೆಗಟ್ಟಲೆ ಉಜ್ಜಿ, ಡಬ್ಬಿ ಕಳಪೆ ಎಂದು ಅಂಗಡಿಯವನನ್ನು ಬೈಯುವವರು ಉಜ್ಜುತ್ತಿರುವುದು ಲ್ಯಾಕರನ್ನೇ ಹೊರತು ಲೋಹವನ್ನಲ್ಲ.

ಇನ್ನು ದೂಳಿನ ವಿಚಾರ. ಈ ಒಂದು ಸಂಗತಿಯನ್ನು ತುಸು ಉದ್ದಕ್ಕೇ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಹೊಳಪಿಗೆ ಅತಿ ದೊಡ್ಡ ಶತ್ರು ತುಕ್ಕಲ್ಲ, ಒಣಬಟ್ಟೆ. ನಂದಿ ಬೆಟ್ಟದ ಸುತ್ತಮುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಜಾತಿಯ ಬಂಡೆ. ಕ್ವಾರಿ, ಕ್ರಷರ್, ಜಲ್ಲಿ ತುಂಬಿದ ಟಿಪ್ಪರುಗಳು ರಸ್ತೆಯುದ್ದಕ್ಕೂ. ಮುದ್ದೇನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಟ್ಯಾಂಕಿನ ಮೇಲೆ ಕೂರುವ ಬೂದು ಪುಡಿಯಲ್ಲಿ ಮಣ್ಣಿನ ಜೊತೆ ಬೆಣಚು ಕೂಡ ಇರುತ್ತದೆ. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿಗೆ 7, ಗಾಜಿಗೆ ಸುಮಾರು 5.5, ಅಲ್ಯೂಮಿನಿಯಂಗೆ 3ಕ್ಕಿಂತ ಕಡಿಮೆ. ಈ ಪುಡಿ ಕೂತ ಎಂಜಿನ್ ಕವರನ್ನು ಒಣಬಟ್ಟೆಯಲ್ಲಿ ಗಸಗಸ ಒರೆಸಿದರೆ ನಂಬರಿಲ್ಲದ ವಾಟರ್ ಪೇಪರ್ ಹಿಡಿದು ತಿಕ್ಕಿದಂತೆಯೇ. ದಿನಾ ಬೆಳಿಗ್ಗೆ ಒರೆಸುತ್ತೇವೆ, ಏನೂ ಆಗಿಲ್ಲವಲ್ಲ ಎನ್ನುವವರು ರಾತ್ರಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಲಿ. ಬೆಳಕಿನ ಬೊಟ್ಟಿನ ಸುತ್ತ ಜೇಡರ ಬಲೆಯಂತೆ ಸುತ್ತು ಸುತ್ತು ಗೀರುಗಳು ಕಾಣುತ್ತವೆ. ಬಟ್ಟೆ ಓಡಿದ ದಾರಿ ಅದು. ದಿನವೂ ತೊಳೆಯಲು ನೀರೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಒಣಬಟ್ಟೆಯಲ್ಲ. ಒಣ ದೂಳು ಕೂತಲ್ಲೇ ಕೂತಿದ್ದರೆ ಲೋಹಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಅದನ್ನು ಒತ್ತಿ ಎಳೆದಾಗಲೇ ಹಾನಿ. ವಾರದ ತೊಳೆತದವರೆಗೆ ಸೀಟು, ಕನ್ನಡಿ, ಹೆಡ್‌ಲೈಟ್ ಬಿಟ್ಟು ಉಳಿದದ್ದರ ತಂಟೆಗೆ ಹೋಗಬೇಡಿ. ಕನ್ನಡಿಗೂ ಒದ್ದೆ ಬಟ್ಟೆಯೇ ಇರಲಿ. ಪಾಲಿಶ್ ಮಾಡುವಾಗ ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಬಳಸುವುದು ಬೇಡ, ಬೇರೆ ತೆಗೆದುಕೊಳ್ಳಿ. ಬನಿಯನ್ನಿನ ಹೊಲಿಗೆ, ಅಂಗಿಯ ಗುಂಡಿ ಮೊದಲೇ ಕತ್ತರಿಸಿ ಹಾಕಿ. ಇದನ್ನು ಅತಿ ಎಂದುಕೊಳ್ಳುವವರು ಮುಂದಿನದನ್ನು ಓದಿ ಪ್ರಯೋಜನವಿಲ್ಲ.

ತೊಳೆಯುವುದು ನೆರಳಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಮೊದಲು ಬರೀ ನೀರು ಹಾಯಿಸಿ ಕಲ್ಲುಪುಡಿ ಇಳಿಸಿ, ಆಮೇಲೆ ವಾಹನದ ಶಾಂಪೂ ಬೆರೆಸಿದ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಮೇಲಿನಿಂದ ಕೆಳಕ್ಕೆ ಬನ್ನಿ. ಬಟ್ಟೆ ಒಗೆಯುವ ಪುಡಿ, ವಾಷಿಂಗ್ ಸೋಡಾ ಕ್ಷಾರ. ಕ್ಷಾರ ಅಲ್ಯೂಮಿನಿಯಂನ ಮೇಲ್ಪೊರೆಯನ್ನು ತಿಂದು ಕಪ್ಪು ಮಾಡುತ್ತದೆ. ಇಲ್ಲಿನ ಆಳದ ಬೋರ್‌ವೆಲ್ ನೀರು ಗಡಸು. ಬಿಸಿಲಿನಲ್ಲಿ ತಾನೇ ಒಣಗಲು ಬಿಟ್ಟರೆ ಕ್ರೋಮಿನ ಮೇಲೆ ಸುಣ್ಣದ ಬಿಳಿ ಚುಕ್ಕೆ ಉಳಿಯುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಕೊನೆಯ ಒಂದು ಬಕೆಟ್ ಅದರದ್ದಾಗಲಿ, ಕೂಡಲೇ ಒರೆಸಿ ಒಣಗಿಸಿ.

ಕ್ರೋಮಿನ ಮೇಲಿನ ಕೇಸರಿ ಚುಕ್ಕೆಗಳು ಕ್ರೋಮ್ ತುಕ್ಕು ಹಿಡಿದದ್ದಲ್ಲ. ಲೇಪದಲ್ಲಿರುವ ಸೂಜಿಮೊನೆಯಷ್ಟು ರಂಧ್ರಗಳಿಂದ ನೀರು ಒಳಗಿಳಿದು, ಕೆಳಗಿನ ಉಕ್ಕು ತುಕ್ಕಾಗಿ ಮೇಲೆ ಉಕ್ಕಿದೆ. ಇದಕ್ಕೆ ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಳ್ಳೆಯ ಸಾಧನ. ಉಂಡೆ ಮಾಡಿ, ನೀರಲ್ಲಿ ಅದ್ದಿ, ಒತ್ತಡ ಹಾಕದೆ ಉಜ್ಜಿದರೆ ಬೂದು ಬಣ್ಣದ ರಾಡಿ ಬಿಡುತ್ತಾ ತುಕ್ಕು ಏಳುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಬಹಳ ಮೆದುವಾದ್ದರಿಂದ ಗೀರು ಬೀಳದು. ತೊಳೆದು ಒಣಗಿಸಿ, ಕ್ರೋಮ್ ಪಾಲಿಶನ್ನು ಹೆಸರಿಗಷ್ಟು ಹಚ್ಚಿ ಒರೆಸಿದರೆ ಆಯಿತು. ಸ್ಟೀಲ್ ಉಣ್ಣೆಯನ್ನೇ ಬಳಸುವ ಮೆಕ್ಯಾನಿಕ್‌ಗಳಿಲ್ಲವೇ ಎಂದರೆ, ಇದ್ದಾರೆ. ಅವರು ಬಳಸುವುದು ನಾಲ್ಕು ಸೊನ್ನೆಯ ಅತಿ ನಯವಾದದ್ದು. ಪಾತ್ರೆ ತಿಕ್ಕುವ ಸ್ಟೀಲ್ ನಾರಿಗೂ ಅದಕ್ಕೂ ಸಂಬಂಧವಿಲ್ಲ. ಲೇಪ ಹಪ್ಪಳದಂತೆ ಎದ್ದಿದ್ದರೆ ಮನೆಯಲ್ಲಿ ಮಾಡುವುದು ಏನೂ ಇಲ್ಲ, ಮತ್ತೆ ಪ್ಲೇಟಿಂಗ್ ಮಾಡಿಸಬೇಕು. ಅದರ ರಾಸಾಯನಿಕ ಎಂಥದ್ದು ಎಂದು ತಿಳಿಯಬೇಕಿದ್ದರೆ ಬೆಂಗಳೂರಿನ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ ಕಥೆ ನೆನಪಿಸಿಕೊಳ್ಳಿ. ವಿಡಿಯೊ ನೋಡಿ ಮನೆಯ ಬಕೆಟ್ಟಿನಲ್ಲಿ ಪ್ರಯೋಗ ಮಾಡುವ ಕೆಲಸ ಅದಲ್ಲ.

ಅಲ್ಯೂಮಿನಿಯಂ ಮಾತ್ರ ನಿಜವಾಗಿ ಕೈಕೆಲಸ ಬೇಡುವ ಭಾಗ, ಫಲ ಕೊಡುವುದೂ ಅದೇ. ಲ್ಯಾಕರ್ ಕೆಳಗೆ ಬಿಳಿ ಎಳೆಗಳು ಹುಳು ಹರಿದಂತೆ ಹಬ್ಬಿದ್ದರೆ ಅದನ್ನು ತೆಗೆಯಲೇಬೇಕು. ಪೇಂಟ್ ರಿಮೂವರ್ ಬ್ರಷ್ಷಿನಲ್ಲಿ ಹಚ್ಚಿ, ಪದರ ಸುಕ್ಕುಗಟ್ಟಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು ತೊಳೆಯಿರಿ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲೇ ಮಾಡಿ. ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಅಲ್ಲಿನ ಬಣ್ಣ ಹೋಯಿತು. ಆಮೇಲೆ ವಾಟರ್ ಪೇಪರನ್ನು ಸೋಪು ನೀರಲ್ಲಿ ನೆನೆಸಿ ಶುರುಮಾಡಿ. ಗೀರು ಆಳವಿದ್ದರೆ 400ರಿಂದ, ಬರೀ ಮಂಕಾಗಿದ್ದರೆ 1000ದಿಂದ. ಮುಂದೆ 600, 800, 1000, 1500, 2000. ಪ್ರತಿ ನಂಬರಿಗೂ ದಿಕ್ಕು ಬದಲಿಸಿ: ಒಂದರಲ್ಲಿ ಅಡ್ಡ, ಮುಂದಿನದರಲ್ಲಿ ಉದ್ದ. ಅಡ್ಡಗೀರು ಒಂದೂ ಕಾಣದಂತಾದಾಗ ಉದ್ದದ ಸರದಿ ಮುಗಿಯಿತು. ಆತುರದವರು 400ರಿಂದ ನೇರ 1500ಕ್ಕೆ ಹಾರುತ್ತಾರೆ. ಹಳೆಯ ಗೀರು ಹೊಳಪಿನ ಕೆಳಗೆ ಹಾಗೇ ಉಳಿದು ಬಿಸಿಲಿಗೆ ಬಂದಾಗ ಹಲ್ಲು ಕಿರಿಯುತ್ತದೆ. 2000 ಮುಗಿದಾಗ ಕವರು ಹೊಳೆಯುವುದಿಲ್ಲ, ಒಂದೇ ಸಮನಾದ ಮಸುಕು ಬೂದು ಬಣ್ಣ ಬರುತ್ತದೆ. ಕೆಲಸ ಕೆಟ್ಟಿತೆಂದು ಅಲ್ಲಿ ಕೈಬಿಡಬೇಡಿ. ಬ್ರಾಸೊ, ಆಟೊಸೋಲ್‌ನಂಥ ಪಾಲಿಶ್ ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಅಂಗೈಯಗಲದ ಜಾಗವನ್ನಷ್ಟೇ ಹಿಡಿದು, ಕಪ್ಪು ಬಿಡುವ ತನಕ ಉಜ್ಜಿ, ಕಪ್ಪು ಒಣಗುವ ಮುನ್ನ ಶುಭ್ರ ಬಟ್ಟೆಯಲ್ಲಿ ಒರೆಸಿ. ಹೊಳಪು ಏಳುವುದು ಒರೆಸುವಾಗಲೇ. ಸಂದಿಯಲ್ಲಿ ನಿಂತ ಜಿಡ್ಡಿನ ಕಪ್ಪಿಗೆ ಚಿಟಿಕೆ ಕಾರ್ನ್ ಫ್ಲೋರ್ ಉದುರಿಸಿ ಒರೆಸಿದರೆ ಸಾಕು.

ಡ್ರಿಲ್ಲಿಗೆ ಬಫಿಂಗ್ ಚಕ್ರ ಸಿಕ್ಕಿಸಿದರೆ ಹತ್ತು ನಿಮಿಷದ ಕೆಲಸ, ಕೈ ಯಾಕೆ ನೋಯಿಸಿಕೊಳ್ಳಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಚಕ್ರಕ್ಕೆ ಅಂಚು, ತಗ್ಗು, ಉಬ್ಬು ಎಂಬ ಭೇದ ಗೊತ್ತಿಲ್ಲ. ಕವರಿನ ಮೇಲೆ ಉಬ್ಬಿಸಿದ ಕಂಪನಿಯ ಹೆಸರು, ಸ್ಕ್ರೂ ಕೂರುವ ಅಂಚು ಮೊದಲು ಸವೆಯುವುದು ಅಲ್ಲೇ, ಸವೆದದ್ದು ಮರಳಿ ಬಾರದು. ಪಳಗಿದ ಕೈಯಿದ್ದರೆ ಮಷಿನ್ ತಪ್ಪಲ್ಲ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಕೈಯೇ ಸರಿ. ಇನ್ನು ಹುಣಸೆಹಣ್ಣು. ದೇವರ ಹಿತ್ತಾಳೆ ದೀಪ ಅದರಲ್ಲಿ ಫಳಫಳ ಹೊಳೆಯುತ್ತದಲ್ಲ ಎಂದರೆ, ನಿಜ. ಹಿತ್ತಾಳೆಯ ಕಿಲುಬನ್ನು ಹುಳಿ ಕರಗಿಸುತ್ತದೆ, ಕೆಳಗೂ ಹಿತ್ತಾಳೆಯೇ ಇದೆ. ಕ್ರೋಮಿನ ರಂಧ್ರಕ್ಕೆ ಹುಳಿ ಇಳಿದರೆ ಅಲ್ಲಿರುವುದು ಉಕ್ಕು, ತುಕ್ಕು ಇನ್ನೂ ಬೇಗ. ಅಲ್ಯೂಮಿನಿಯಂಗಂತೂ ಹುಳಿಯೂ ಆಗದು, ಸೋಡಾವೂ ಆಗದು. ಪಾತ್ರೆಗೆ ಒಗ್ಗಿದ್ದೆಲ್ಲ ಬೈಕಿಗೆ ಒಗ್ಗದು.

ಉಳಿದದ್ದು ಚುಟುಕಾಗಿ. ಬರಿಮೈ ಅಲ್ಯೂಮಿನಿಯಂ ಗಾಳಿ ತಾಗಿ ಮತ್ತೆ ಮಂಕಾಗುತ್ತದೆ. ಪಾಲಿಶ್ ಆದ ದಿನವೇ ವ್ಯಾಕ್ಸ್ ತೆಳ್ಳಗೆ ಹಚ್ಚಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ. ಕ್ರೋಮಿಗೂ ವ್ಯಾಕ್ಸ್ ಬೇಕು, ರಂಧ್ರ ಮುಚ್ಚುವುದು ಅದೇ. ಮುಂದಿನ ಫೋರ್ಕಿನ ಹೊಳೆಯುವ ನಳಿಕೆಗೆ ವಾಟರ್ ಪೇಪರ್ ಬೇಡ, ಆಯಿಲ್ ಸೀಲ್ ಹರಿದು ಎಣ್ಣೆ ಸೋರುತ್ತದೆ. ಚಕ್ರ ತಿರುಗಿಸುವುದಿದ್ದರೆ ಎಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ ಕೈಯಲ್ಲೇ ತಿರುಗಿಸಿ; ಗೇರಿನಲ್ಲಿಟ್ಟು ಓಡುವ ಚೈನಿಗೆ ಬಟ್ಟೆ ಹಿಡಿದರೆ ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ. ಬ್ರೇಕ್ ಡಿಸ್ಕಿಗೆ ಪಾಲಿಶ್, ವ್ಯಾಕ್ಸ್ ಯಾವುದೂ ತಾಗಕೂಡದು. ನಂದಿ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಹಿಡಿಯದ ಬ್ರೇಕಿಗೆ ಪರಿಹಾರವಿಲ್ಲ. ಪೂಜೆಯಂದು ಹಚ್ಚಿದ ಕುಂಕುಮ, ಸಿಡಿದ ನಿಂಬೆರಸ ಹೊಸ ಹೊಳಪಿನ ಮೇಲೆ ವಾರಗಟ್ಟಲೆ ಇರುವುದು ಬೇಡ, ಮಾರನೆಯ ದಿನವೇ ಬರೀ ನೀರಿನಲ್ಲಿ ತೊಳೆದುಬಿಡಿ.