ಆಟದ ಬೈಲಿನಲ್ಲಿ ಕಲಿಯತಕ್ಕ ಪಾಠ

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 9ನೆಯ ಅಧ್ಯಾಯದಲ್ಲಿ ಓಟಗಾರರ ದೃಷ್ಟಾಂತವನ್ನು ಹೇಳಿರುತ್ತಾನೆ. ಆಟವು ಬರೀ ಕಾಲಹರಣವಾಗಿದ್ದರೆ ಆತನು ಅದನ್ನು ಭಕ್ತಿಯ ಜೀವಿತಕ್ಕೆ ಹೋಲಿಸುತ್ತಿರಲಿಲ್ಲ. ಆದರೂ ನಮ್ಮ ಗ್ರಾಮಸಭೆಗಳಲ್ಲಿ ಅನೇಕ ತಂದೆತಾಯಿಗಳು, “ಹುಡುಗರು ಶಾಲೆಗೆ ಹೋಗುವದು ಓದುವದಕ್ಕೋ, ಚೆಂಡಾಡುವದಕ್ಕೋ?” ಎಂದು ಕೇಳುವದುಂಟು. ಈ ಪ್ರಶ್ನೆಯು ನ್ಯಾಯವಾದದ್ದೇ. ಯಾಕಂದರೆ ಆಟದ ಬೈಲು ತಾನಾಗಿಯೇ ಯಾರನ್ನೂ ಒಳ್ಳೆಯವನನ್ನಾಗಿ ಮಾಡುವದಿಲ್ಲ. ಮೋಸವನ್ನೂ ಜಗಳವನ್ನೂ ಅಲ್ಲಿಯೇ ಕಲಿಯಬಹುದು. ಹಾಗಾದರೆ ಆಟದಿಂದ ಸದ್ಗುಣವೂ ಸ್ನೇಹವೂ ಬೆಳೆಯುವದು ಹೇಗೆ? ಎರಿಕ್ ಲಿಡೆಲ್ ಎಂಬವರ ಜೀವಿತದಿಂದ ಇದನ್ನು ವಿಚಾರಿಸೋಣ.

ಇವರು 1902ರಲ್ಲಿ ಚೀನಾದೇಶದ ತಿಯೆನ್‌ತ್ಸಿನ್ ಪಟ್ಟಣದಲ್ಲಿ ಸ್ಕಾಟ್ಲೆಂಡಿನ ಮಿಶನೆರಿ ದಂಪತಿಗಳಿಗೆ ಹುಟ್ಟಿದರು. ಆರು ವರುಷದ ಬಾಲಕನಾಗಿರುವಾಗಲೇ ತಂದೆತಾಯಿಗಳನ್ನು ಅಗಲಿ, ಲಂಡನಿನಲ್ಲಿ ಮಿಶನೆರಿಗಳ ಗಂಡುಮಕ್ಕಳಿಗಾಗಿ ಇದ್ದ ವಸತಿಶಾಲೆಗೆ ಅಣ್ಣನೊಂದಿಗೆ ಸೇರಿದರು. ಅಲ್ಲಿ ಆಟಗಳಲ್ಲಿ ಮುಂದಾಳಾದರು. ಓಟಕ್ಕೆ ಮುಂಚೆ ಎದುರಾಳಿಗಳೆಲ್ಲರ ಕೈಕುಲುಕುವದು ಇವರ ವಾಡಿಕೆಯಾಗಿತ್ತು. 1923ರಲ್ಲಿ ಇಂಗ್ಲೆಂಡಿನ ಸ್ಟೋಕ್ ಪಟ್ಟಣದಲ್ಲಿ 440 ಗಜದ ಓಟ ನಡೆಯುವಾಗ, ಪ್ರಾರಂಭದಲ್ಲಿಯೇ ಇವರು ತಳ್ಳಲ್ಪಟ್ಟು ನೆಲಕ್ಕೆ ಬಿದ್ದರು. ಮಿಕ್ಕವರು ಬಹು ದೂರ ಮುಂದಾಗಿದ್ದರು. ತಳ್ಳಿದವನ ಮೇಲೆ ದೂರು ಹೇಳುತ್ತಾ ಕೂತಿರದೆ ಎದ್ದು ಓಡಿ ಎಲ್ಲರನ್ನೂ ಮೀರಿ ಗೆದ್ದರು.

1924ರ ಪ್ಯಾರಿಸ್ ಒಲಿಂಪಿಕ್ ಪಂದ್ಯಗಳಲ್ಲಿ 100 ಮೀಟರಿನ ಪೂರ್ವಭಾವಿ ಓಟವು ಆದಿತ್ಯವಾರದಂದು ಗೊತ್ತಾಗಿತ್ತು. ಕರ್ತನ ದಿನದಲ್ಲಿ ಓಡೆನೆಂದು ಇವರು ಅದನ್ನು ಬಿಟ್ಟುಬಿಟ್ಟರು. ಅನೇಕರು ನಿಂದಿಸಿದರೂ ಮನಸ್ಸನ್ನು ಬದಲಿಸಲಿಲ್ಲ. ಬಳಿಕ 400 ಮೀಟರನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕವನ್ನು ಪಡೆದರು. ಮರುವರುಷವೇ ಆ ಕೀರ್ತಿಯನ್ನು ಹಿಂದೆ ಬಿಟ್ಟು ಚೀನಾಕ್ಕೆ ತೆರಳಿ, ತಿಯೆನ್‌ತ್ಸಿನ್ನಿನ ಮಿಶನ್ ಕಾಲೇಜಿನಲ್ಲಿ ಉಪಾಧ್ಯಾಯರಾದರು.

ಈ ಕಥೆಯನ್ನು ಕೇಳಿದವರು ಬಹಳ ಮಂದಿ ಇದ್ದಾರೆ. ಆದರೆ ಇದರ ಮುಂದಿನ ಭಾಗವನ್ನು ಕೇಳಿದವರು ಕಡಿಮೆ. ಮಹಾಯುದ್ಧದ ಸಮಯದಲ್ಲಿ, 1943ರಲ್ಲಿ, ಜಪಾನಿಯರು ಇವರನ್ನು ವೇಶಿಯೆನ್ ಎಂಬಲ್ಲಿನ ಶಿಬಿರದಲ್ಲಿ ಸೆರೆಯಿಟ್ಟರು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಯವರಿದ್ದ ಆ ಸ್ಥಳದಲ್ಲಿ, ತಂದೆತಾಯಿಗಳಿಲ್ಲದೆ ಬಂದ ಮಿಶನ್ ಶಾಲೆಯ ಮಕ್ಕಳೂ ಇದ್ದರು. ಲಿಡೆಲ್‌ರವರು ಅವರಿಗೆ ಪಾಠ ಹೇಳಿದರು, ಆಟಗಳನ್ನು ಏರ್ಪಡಿಸಿದರು, ಮುರಿದ ಹಾಕಿ ಕೋಲುಗಳನ್ನು ಬಟ್ಟೆಯ ಪಟ್ಟಿಗಳಿಂದ ಸುತ್ತಿ ಸರಿಪಡಿಸಿದರು. ಆದಿತ್ಯವಾರದಲ್ಲಿ ಮಾತ್ರ ಆಟ ನಡಿಸುತ್ತಿರಲಿಲ್ಲ. ಒಂದು ಆದಿತ್ಯವಾರ ಹುಡುಗರು ತಾವೇ ಆಡಲು ಹೋದರು. ನಡಿಸುವವರಿಲ್ಲದ್ದರಿಂದ ಆಟವು ಹೊಡೆದಾಟವಾಯಿತು. ಮುಂದಿನ ಆದಿತ್ಯವಾರ ಅದೇ ಲಿಡೆಲ್‌ರವರು ಬೈಲಿಗೆ ಬಂದು ತೀರ್ಪುಗಾರರಾಗಿ ನಿಂತರು.

ಹಾಗಾದರೆ ಇವರು ತಮ್ಮ ವ್ರತವನ್ನು ಮುರಿದರೋ? ಚೆನ್ನಾಗಿ ಯೋಚಿಸೋಣ. ಪ್ಯಾರಿಸಿನಲ್ಲಿ ಇವರು ಬಿಟ್ಟದ್ದು ತಮ್ಮ ಸ್ವಂತ ಬಹುಮಾನವನ್ನು. ವೇಶಿಯೆನ್‌ನಲ್ಲಿ ಬಿಟ್ಟದ್ದು ತಮ್ಮ ಸ್ವಂತ ನೇಮವನ್ನು, ಅದೂ ಪರರ ಮಕ್ಕಳು ಒಬ್ಬರನ್ನೊಬ್ಬರು ದ್ವೇಷಿಸಬಾರದೆಂದು. ಎರಡು ಕಡೆಗಳಲ್ಲಿಯೂ ಅವರು ತಮಗಾಗಿ ಏನನ್ನೂ ಹುಡುಕಲಿಲ್ಲ. ಸಬ್ಬತ್ತಿನ ವಿಷಯವಾಗಿ ಕರ್ತನು ಫರಿಸಾಯರಿಗೆ ಕೊಟ್ಟ ಉತ್ತರವನ್ನು ಬಲ್ಲವರಿಗೆ ಇದು ಕಠಿಣವಾದ ಸಂಗತಿಯಲ್ಲ.

ಇದರಿಂದ ನಾವು ಮೂರು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಎದುರಾಳಿಯು ಶತ್ರುವಲ್ಲ. ಅವನಿಲ್ಲದಿದ್ದರೆ ಆಟವೇ ಇಲ್ಲ. ಖೊಖೋ ಆಗಲಿ ಕಬಡ್ಡಿ ಆಗಲಿ, ಪಕ್ಕದ ಊರಿನ ಹುಡುಗರ ಕೈಹಿಡಿದು ಆಟವನ್ನು ಪ್ರಾರಂಭಿಸುವದು ಒಳ್ಳೆಯದು. ಎರಡನೆಯದು, ಬೀಳುವದು ಅವಮಾನವಲ್ಲ, ಎದ್ದೇಳದೆ ದೂರುತ್ತಾ ಇರುವದೇ ಅವಮಾನ. ಮೂರನೆಯದು, ಮಕ್ಕಳ ಬೈಲಿನಲ್ಲಿ ಹಿರಿಯರು ನಿಲ್ಲಬೇಕು. ಜಗಳವಾದ ಮೇಲೆ ಶಿಕ್ಷಿಸುವದಕ್ಕಿಂತ, ಜಗಳವಾಗದ ಹಾಗೆ ನ್ಯಾಯವಾಗಿ ಆಟ ನಡಿಸುವದು ಮೇಲು. ಉಪಾಧ್ಯಾಯರೂ ಸಭೆಯ ಹಿರಿಯರೂ ವಾರಕ್ಕೆ ಒಂದು ಸಾಯಂಕಾಲವನ್ನಾದರೂ ಇದಕ್ಕೆ ಕೊಡಲಾರರೋ?

ಲಿಡೆಲ್‌ರವರು ಆ ಶಿಬಿರದಲ್ಲಿಯೇ, 1945ನೆಯ ಫೆಬ್ರುವರಿ 21ರಂದು, ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ಬಿಡುಗಡೆಯು ಬಂದದ್ದು ಅದೇ ವರುಷದ ಆಗಸ್ಟಿನಲ್ಲಿ. ಸಾಯುವದಕ್ಕೆ ಸ್ವಲ್ಪ ಮುಂಚೆ ಅವರು ತಮ್ಮ ಸವೆದ ಓಟದ ಜೋಡುಗಳನ್ನು ಸೆರೆಯಲ್ಲಿದ್ದ ಒಬ್ಬ ಹುಡುಗನಿಗೆ ಕೊಟ್ಟಿದ್ದರು. ವೈರಿಗಳಿಗಾಗಿ ಪ್ರಾರ್ಥಿಸಬೇಕೆಂದೂ ಅವನಿಗೆ ಕಲಿಸಿದ್ದರು. ಆ ಹುಡುಗನು ಬೆಳೆದು, ತನ್ನನ್ನು ಸೆರೆಯಿಟ್ಟ ಜಪಾನಿಯರ ದೇಶಕ್ಕೇ ಮಿಶನೆರಿಯಾಗಿ ಹೋದನು. ಬೈಲಿನಲ್ಲಿ ಬಿತ್ತಿದ್ದು ಎಷ್ಟು ದೂರದಲ್ಲಿ ಫಲಕೊಡುವದೆಂದು ಇದರಿಂದ ತಿಳಿದುಕೊಂಡು, ನಮ್ಮ ಮಕ್ಕಳ ಆಟವನ್ನು ಅಲ್ಪವೆಂದೆಣಿಸದೆ ಇರೋಣ.